ರೋವರ್ ಮತ್ತು ಡ್ರೋನ್‌ಗಳಲ್ಲಿ ಸ್ವಯಂಚಾಲಿತ ನೆಲ ವಿಶ್ಲೇಷಣೆ: ಒಂದು ಐತಿಹಾಸಿಕ ಅವಲೋಕನ

ಅನ್ಯಗ್ರಹದ ಮೇಲಿರುವ ವಾಹನವು ತನ್ನ ಮುಂದಿನ ನೆಲದ ಚಿತ್ರ ತೆಗೆದು, ಅಲ್ಲಿ ಹೋಗಬಹುದೇ ಬಾರದೇ ಎಂಬುದನ್ನು ಭೂಮಿಯ ಆದೇಶಕ್ಕೆ ಕಾಯದೆ ತಾನೇ ನಿರ್ಧರಿಸುವುದಕ್ಕೆ ಸ್ವಯಂಚಾಲಿತ ನೆಲ ವಿಶ್ಲೇಷಣೆ ಎನ್ನುತ್ತಾರೆ. ಇದರ ಅಗತ್ಯಕ್ಕೆ ಮೂಲ ಕಾರಣ ದೂರ. ರೇಡಿಯೊ ಸಂಕೇತ ಚಂದ್ರನಿಗೆ ಹೋಗಿ ಬರಲು ಸುಮಾರು 2.6 ಸೆಕೆಂಡು ಸಾಕು. ಮಂಗಳವನ್ನು ಮುಟ್ಟುವುದಕ್ಕೇ 3ರಿಂದ 22 ನಿಮಿಷ ಬೇಕು. 1970ರಲ್ಲಿ ಚಂದ್ರನ ಮೇಲಿಳಿದ ಸೋವಿಯತ್ ಒಕ್ಕೂಟದ ಲೂನೊಖೋಡ್-1 ವಾಹನವನ್ನು ಭೂಮಿಯಲ್ಲಿ ಕುಳಿತ ಚಾಲಕರೇ ಟಿ.ವಿ. ಚಿತ್ರ ನೋಡುತ್ತ ನಡೆಸಿದ್ದರು. ಮಂಗಳದಲ್ಲಿ ಈ ಕ್ರಮ ನಡೆಯದು. ಹಳ್ಳದ ಚಿತ್ರ ಭೂಮಿಗೆ ತಲುಪುವ ಮೊದಲೇ ವಾಹನ ಹಳ್ಳಕ್ಕೆ ಇಳಿದಿರುತ್ತದೆ.

ಯಂತ್ರವೇ ನೋಡಿ ನಡೆಯುವ ಪ್ರಯತ್ನ ಪ್ರಯೋಗಾಲಯದಲ್ಲಿ ಮೊದಲಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಮೊರಾವೆಕ್ ರೂಪಿಸಿದ ಕ್ರಮದಲ್ಲಿ, ಬಂಡಿಯೊಂದರ ಮೇಲಿನ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತ ಹಲವು ಚಿತ್ರ ತೆಗೆಯುತ್ತಿತ್ತು. ಅವುಗಳ ನಡುವಿನ ವ್ಯತ್ಯಾಸದಿಂದ ವಸ್ತುಗಳ ದೂರವನ್ನು ಲೆಕ್ಕ ಹಾಕಲಾಗುತ್ತಿತ್ತು. ಒಂದು ಮೀಟರ್ ಚಲಿಸಿದರೆ ಹತ್ತು-ಹದಿನೈದು ನಿಮಿಷ ಲೆಕ್ಕಾಚಾರ. 1979ರಲ್ಲಿ ಈ ಬಂಡಿ ಕುರ್ಚಿಗಳಿದ್ದ ಕೋಣೆಯೊಂದನ್ನು ದಾಟಲು ಸುಮಾರು ಐದು ಗಂಟೆ ತೆಗೆದುಕೊಂಡಿತು.

1997ರ ಜುಲೈ 4ರಂದು ಮಂಗಳಕ್ಕಿಳಿದ ನಾಸಾದ ಸೊಜರ್ನರ್, ಐದು ಲೇಸರ್ ಗೆರೆಗಳನ್ನು ನೆಲದ ಮೇಲೆ ಬೀರಿ, ಅವು ಎಲ್ಲಿ ಬಾಗಿದವೆಂದು ಕ್ಯಾಮೆರಾದಲ್ಲಿ ನೋಡಿ ಕಲ್ಲು-ಗುಂಡಿಗಳನ್ನು ಗುರುತಿಸುತ್ತಿತ್ತು. 2004ರಲ್ಲಿ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿಗಳಲ್ಲಿ ಜೋಡಿ ಕ್ಯಾಮೆರಾಗಳಿದ್ದವು. ‘ಗೆಸ್ಟಾಲ್ಟ್’ ಎಂಬ ತಂತ್ರಾಂಶ ಎದುರಿನ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಇಳಿಜಾರು, ಮೆಟ್ಟಿಲಿನಂಥ ಎತ್ತರ ಮತ್ತು ಒರಟುತನವನ್ನು ಅಳೆದು, ಕಡಿಮೆ ಅಪಾಯದ ದಾರಿಯನ್ನು ಆರಿಸುತ್ತಿತ್ತು.

ಇವೆಲ್ಲವೂ ಆಕಾರವನ್ನು ಅಳೆಯುವ ಉಪಾಯಗಳು. ನೆಲದ ಗುಣ ಅವುಗಳ ಅಳತೆಗೆ ಸಿಗಲಿಲ್ಲ. 2005ರ ಏಪ್ರಿಲ್‌ನಲ್ಲಿ ಆಪರ್ಚುನಿಟಿ ಸುಮಾರು 30 ಸೆಂ.ಮೀ. ಎತ್ತರದ ಮರಳ ದಿಬ್ಬದಲ್ಲಿ ಹೂತು, ಐದು ವಾರಗಳ ಅನಂತರ ಹೊರಬಂದಿತು. 2009ರಲ್ಲಿ ಹುದುಲು ಮರಳಿಗೆ ಸಿಕ್ಕ ಸ್ಪಿರಿಟ್ ಮತ್ತೆ ಬಿಡಿಸಿಕೊಳ್ಳಲಿಲ್ಲ. ಚಕ್ರ ಸುತ್ತಿದಷ್ಟು ವಾಹನ ನಿಜವಾಗಿ ಮುಂದೆ ಹೋಯಿತೇ ಎಂದು ಚಿತ್ರಗಳನ್ನು ಹೋಲಿಸಿ ನೋಡುವ ‘ದೃಶ್ಯ ಪಥಮಾಪನ’ ಜಾರುವಿಕೆಯನ್ನು ಪತ್ತೆ ಹಚ್ಚಬಲ್ಲದು. ಆದರೆ ಜಾರಿದ ಮೇಲೆ. 2012ರಲ್ಲಿ ಇಳಿದ ಕ್ಯೂರಿಯಾಸಿಟಿಯದು ಬೇರೆ ಬಗೆಯ ಕಷ್ಟ: ನೆಲದಲ್ಲಿ ಬಿಗಿಯಾಗಿ ಹುದುಗಿದ್ದ ಚೂಪು ಕಲ್ಲುಗಳು ಅದರ 0.75 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಚಕ್ರದ ಹೊದಿಕೆಯನ್ನು ತೂತು ಮಾಡಿದವು. ಎತ್ತರದ ಲೆಕ್ಕದಲ್ಲಿ ಆ ಕಲ್ಲುಗಳು ಅಡ್ಡಿಯೇ ಅಲ್ಲ.

ಈ ಪೆಟ್ಟುಗಳ ಬಳಿಕ ಮರಳು, ಹಾಸುಬಂಡೆ, ಬಿಡಿಗಲ್ಲುಗಳನ್ನು ಚಿತ್ರದಿಂದಲೇ ಬೇರ್ಪಡಿಸುವ ಯಂತ್ರಕಲಿಕೆಗೆ ಮಹತ್ವ ಬಂತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ‘ಸ್ಪಾಕ್’ ತಂತ್ರಾಂಶ, ಪರ್ಸಿವೆರೆನ್ಸ್ ರೋವರಿಗೆ ಪರಿಗಣಿಸಿದ್ದ ಇಳಿದಾಣಗಳ ಸಂಚಾರಯೋಗ್ಯತೆಯನ್ನು ಕಕ್ಷೆಯಿಂದ ತೆಗೆದ ಚಿತ್ರಗಳಲ್ಲಿ ಪರಿಶೀಲಿಸಿತು. 2021ರ ಫೆಬ್ರವರಿ 18ರಂದು ಇಳಿದ ಈ ರೋವರಿನಲ್ಲಿ ಚಿತ್ರ ಸಂಸ್ಕರಣೆಗೆಂದೇ ಪ್ರತ್ಯೇಕ ಕಂಪ್ಯೂಟರ್ ಇತ್ತು. ನಿಲ್ಲದೆ, ನಡೆಯುತ್ತಲೇ ಯೋಚಿಸುವುದು ಇದರಿಂದ ಸಾಧ್ಯವಾಯಿತು. ಮೊದಲ ಮಂಗಳವರ್ಷದ 17.7 ಕಿ.ಮೀ. ಪಯಣದಲ್ಲಿ ಶೇ. 88ರಷ್ಟನ್ನು ಸ್ವಯಂಚಾಲಿತ ವ್ಯವಸ್ಥೆಯೇ ಪರಿಶೀಲಿಸಿತ್ತು.

ಚಂದ್ರಯಾನ-3ರಲ್ಲಿ ಈ ಕೆಲಸ ಎರಡು ಪಾಲಾಯಿತು. 2023ರ ಆಗಸ್ಟ್ 23ರಂದು ಇಳಿಯುವಾಗ ವಿಕ್ರಮ್ ಲ್ಯಾಂಡರ್ ಅಪಾಯಪತ್ತೆ ಕ್ಯಾಮೆರಾದ ನೆರವು ಪಡೆಯಿತು. ಪ್ರಜ್ಞಾನ್ ರೋವರಿನ ದಾರಿಯನ್ನಾದರೋ, ಅದರ ಜೋಡಿ ಕ್ಯಾಮೆರಾಗಳ ಚಿತ್ರಗಳನ್ನು ನೋಡಿ ಬೆಂಗಳೂರಿನ ನಿಯಂತ್ರಣ ಕೇಂದ್ರ ಗೊತ್ತುಮಾಡುತ್ತಿತ್ತು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ವ್ಯಾಸದ ಕುಳಿ ಎದುರಾದಾಗ, ಬಂದ ದಾರಿಯಲ್ಲೇ ಮರಳುವಂತೆ ಆದೇಶ ಹೋಯಿತು.

ಹಾರುವ ಯಂತ್ರಕ್ಕೆ ನೆಲ ಬೇಕಾಗುವುದು ತನ್ನ ವೇಗ ತಿಳಿಯಲಿಕ್ಕೂ ಹೌದು. 2021ರ ಏಪ್ರಿಲ್ 19ರಂದು ಮಂಗಳದಲ್ಲಿ ಮೊದಲು ಹಾರಿದ, 1.8 ಕಿಲೋ ತೂಕದ ಇಂಜೆನ್ಯುಯಿಟಿ ಹೆಲಿಕಾಪ್ಟರ್, ಕೆಳಮುಖದ ಕ್ಯಾಮೆರಾದಲ್ಲಿ ಕಲ್ಲು-ಹರಳುಗಳ ಗುರುತು ಹಿಡಿದು ತನ್ನ ಚಲನೆಯನ್ನು ಲೆಕ್ಕ ಹಾಕುತ್ತಿತ್ತು. ನೆಲ ಸಮತಟ್ಟೆಂಬುದು ಅದರ ಆರಂಭಿಕ ತಂತ್ರಾಂಶದ ಊಹೆ. ಏರಿಳಿತದ ನಕ್ಷೆಯನ್ನೂ ಅಪಾಯ ತಪ್ಪಿಸುವ ಶಕ್ತಿಯನ್ನೂ 2022ರಲ್ಲಿ ಸೇರಿಸಲಾಯಿತು. 2024ರ ಜನವರಿ 18ರ 72ನೆಯ ಹಾರಾಟದಲ್ಲಿ ಕೆಳಗಿದ್ದದ್ದು ಗುರುತು ಹಿಡಿಯಲು ಏನೂ ಇಲ್ಲದ ಮರಳಿನ ಅಲೆಗಳು. ವೇಗದ ಲೆಕ್ಕ ತಪ್ಪಿ, ನೆಲ ತಾಗಿದ ರಭಸಕ್ಕೆ ರೆಕ್ಕೆಗಳು ಮುರಿದವು ಎಂಬುದು ತನಿಖೆಯ ನಿರ್ಣಯ. ಅರ್ಧ ಶತಮಾನದಲ್ಲಿ ಕಲ್ಲು, ಕುಳಿ, ಇಳಿಜಾರುಗಳನ್ನು ಯಂತ್ರ ಬಹುಮಟ್ಟಿಗೆ ಗೆದ್ದಿದೆ. ಮರಳು ಮಾತ್ರ ಚಕ್ರಕ್ಕೂ ರೆಕ್ಕೆಗೂ ಇನ್ನೂ ಗೆಲ್ಲದ ನೆಲವಾಗಿಯೇ ಉಳಿದಿದೆ.