ಶಿಶುಶಿಕ್ಷಣದಲ್ಲಿ ಉಸುಕು ಮತ್ತು ನೀರು

ಹುಬ್ಬಳ್ಳಿಯ ಗೋಕುಲ ರಸ್ತೆಯು ಬಸ್ ನಿಲ್ದಾಣ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣಗಳನ್ನು ತನ್ನ ಆಜುಬಾಜಿನಲ್ಲಿ ಇರಿಸಿಕೊಂಡು ಬೆಳೆದ ಹಿರಿಯ ಮಾರ್ಗ. ಅದರ ಉಭಯ ಪಾರ್ಶ್ವಗಳ ಬಡಾವಣೆಗಳಲ್ಲಿ ಮನೆ ಕಟ್ಟುವ ಕಾರ್ಯವು ಇನ್ನೂ ನಿಂತಿಲ್ಲವಾದುದರಿಂದ, ಓಣಿಯೊಂದನ್ನು ಹೊಕ್ಕರೆ ಅರೆಗಟ್ಟಿದ ಮನೆಯ ಮುಂದೆ ಉಸುಕಿನ ಗುಡ್ಡೆಯೂ, ಆ ಗುಡ್ಡೆಯನ್ನೇರಿದ ಮೂರು ನಾಲ್ಕು ವರ್ಷದ ಮಕ್ಕಳೂ ಕಾಣಸಿಗುವುದು ಅಪರೂಪವಲ್ಲ. ಉಸುಕು ಚೆಲ್ಲೀತೆಂದು ಗೌಂಡಿಯೂ ಬಟ್ಟೆ ಹೊಲಸಾದೀತೆಂದು ತಾಯಿಯೂ ಅವರನ್ನು ಗದರಿಸಿ ಎಬ್ಬಿಸುವುದು ಸ್ವಾಭಾವಿಕವೇ. ಆದರೆ ಹೀಗೆ ಎಬ್ಬಿಸಲ್ಪಡುವ ಶಿಶುವು ಯಾವ ಕಾರ್ಯದಲ್ಲಿ ತೊಡಗಿತ್ತೆಂಬುದನ್ನು ಅರಿಯಲು ಲೋಕದ ಶಿಕ್ಷಣಶಾಸ್ತ್ರವು ಸುಮಾರು ನೂರೈವತ್ತು ವರ್ಷ ಶ್ರಮಿಸಿದೆ. ಅದಕ್ಕೂ ಬಹುಕಾಲ ಮೊದಲೇ ಈ ಕನ್ನಡ ನಾಡಿನಲ್ಲಿ ಉಸುಕು ವಿದ್ಯಾರ್ಜನೆಯ ಉಪಕರಣವಾಗಿತ್ತು. ಆ ದೀರ್ಘವಾದ ಪಥವನ್ನು ಇಲ್ಲಿ ಸಂಗ್ರಹವಾಗಿ ಪರ್ಯಾಲೋಚಿಸುವುದು ಉದ್ದೇಶ.

ಇಟಲಿಯ ಯಾತ್ರಿಕನಾದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಕೆಳದಿ ಅರಸರ ಇಕ್ಕೇರಿಗೆ ಹೋಗುತ್ತಿದ್ದಾಗ, ದೇವಾಲಯವೊಂದರ ಮೊಗಸಾಲೆಯಲ್ಲಿ ಬಾಲಕರು ಲೆಕ್ಕ ಕಲಿಯುವ ಪರಿಯನ್ನು ಕಂಡು ಬೆರಗಾಗಿ ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ. ನಾಲ್ವರು ಹುಡುಗರು ನಯವಾದ ಉಸುಕನ್ನು ನೆಲದ ಮೇಲೆ ಹರವಿಕೊಂಡು, ಒಬ್ಬನು ರಾಗವಾಗಿ ಪಾಠವನ್ನು ಹಾಡುತ್ತ ಬೆರಳಿನಿಂದ ಅಂಕಿಯನ್ನು ಬರೆಯಲು, ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು; ನೆಲ ತುಂಬಿದೊಡನೆ ಅಳಿಸಿ ಹೊಸ ಉಸುಕನ್ನು ಚೆಲ್ಲಿಕೊಳ್ಳುತ್ತಿದ್ದರು. ಗುರುವಿಲ್ಲದೆ ತಪ್ಪನ್ನು ತಿದ್ದುವವರು ಯಾರೆಂದು ಆತನು ಕೇಳಲಾಗಿ, ನಾಲ್ವರೂ ಒಂದೇ ವಿಷಯವನ್ನು ಒಟ್ಟಿಗೆ ಮರೆಯುವುದು ಅಸಂಭವವೆಂದು ಆ ಮಕ್ಕಳು ಉತ್ತರಿಸಿದರಂತೆ. ಕಾಗದ, ಲೇಖನಿ, ಮಸಿಗಳ ವೆಚ್ಚವಿಲ್ಲದ, ತಪ್ಪಿದರೆ ಅಂಗೈಯಿಂದ ಅಳಿಸಿಹೋಗುವ, ಜೊತೆಗಾರರ ಸಹವಾಸದಲ್ಲಿ ನಡೆಯುವ ಈ ಅಭ್ಯಾಸದ ಗುಣವನ್ನು ಆ ಪರದೇಶಿಯು ಸರಿಯಾಗಿಯೇ ಗ್ರಹಿಸಿದನು.

ಈ ಪದ್ಧತಿಯು ಮುಂದೆ ಸಮುದ್ರವನ್ನು ದಾಟಿತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತೀಡುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ವೃತ್ತಾಂತವನ್ನು ಪ್ರಕಟಿಸಿದನು. ಅಲ್ಲಿಯ ಶಿಕ್ಷಕ ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲಿಯೂ ಬಡ ಮಕ್ಕಳ ಮುಂದೆ ಉಸುಕಿನ ಮೇಜುಗಳು ಬಂದವು. ಆದರೆ ಈ ಘಟ್ಟದವರೆಗೆ ಉಸುಕು ಅಗ್ಗದ ಪಾಟಿಯಾಗಿತ್ತೇ ಹೊರತು ಬೇರೆಯಲ್ಲ. ಬೆರಳು ಏನನ್ನು ಬರೆಯಬೇಕೆಂಬುದು ಮೊದಲೇ ನಿರ್ಣಯವಾಗಿರುತ್ತಿತ್ತು. ಉಸುಕನ್ನು ಅಗೆಯುವ, ಸುರಿಯುವ, ತೋಯಿಸಿ ಕಟ್ಟುವ ಸ್ವಾತಂತ್ರ್ಯಕ್ಕೆ ಅಲ್ಲಿ ಎಡೆಯಿರಲಿಲ್ಲ.

ಆ ಸ್ವಾತಂತ್ರ್ಯವನ್ನು ನಮ್ಮ ಭಾಗದ ಮಕ್ಕಳಿಗೆ ಒದಗಿಸುತ್ತಿದ್ದುದು ಶಾಲೆಯಲ್ಲ, ಹಬ್ಬ. ಜ್ಯೇಷ್ಠದ ಕಡೆಯಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣನ್ನು ಹದವಾಗಿ ಕಲಸಿ ಎತ್ತುಗಳನ್ನು ಮಾಡುವುದೂ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ತಿದ್ದಿ ಕೂರಿಸುವುದೂ ಧಾರವಾಡ ಸೀಮೆಯ ಬಾಲಕ ಬಾಲಿಕೆಯರ ವಾರ್ಷಿಕ ವ್ರತಗಳಂತೆ ನಡೆದುಬಂದಿವೆ. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೊಂಬು ಬಿರಿಯುತ್ತದೆ ಎಂಬ ಪದಾರ್ಥವಿಜ್ಞಾನವನ್ನು ಆ ಮಕ್ಕಳು ಯಾರ ಉಪದೇಶವೂ ಇಲ್ಲದೆ ತಮ್ಮ ಬೆರಳುಗಳಿಂದಲೇ ಕಲಿತರು. ಇದನ್ನು ಶಿಕ್ಷಣವೆಂದು ಎಣಿಸಿ ಶಾಲೆಯೊಳಕ್ಕೆ ಕರೆಯುವ ಕಾರ್ಯವು ಮಾತ್ರ ಅನ್ಯತ್ರ ಪ್ರಾರಂಭವಾಯಿತು.

ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ತೆರೆದ ಸಂಸ್ಥೆಗೆ 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟು, ಆಟವೇ ಶೈಶವದ ಪರಮ ಕರ್ಮವೆಂದು ಸಾರಿದನು. ಆತನ ಸಂಪ್ರದಾಯದ ಪ್ರಭಾವವಿದ್ದ ಆ ದೇಶದಲ್ಲಿ, ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳಿಗಾಗಿಯೇ ಉಸುಕಿನ ರಾಶಿಗಳನ್ನು ಹಾಕಿಸುವ ಪದ್ಧತಿ ಬಂದಿತು. ಅದನ್ನು ಕಂಡ ವೈದ್ಯೆ ಮರಿ ಜಾಕ್ರ್‌ಜೆವ್ಸ್ಕಾ ಬೋಸ್ಟನ್ನಿನ ಮಹಿಳೆಯರಿಗೆ ಪತ್ರ ಬರೆದುದರ ಫಲವಾಗಿ 1885ರಲ್ಲಿ ಆ ನಗರದ ಬಡ ಕೇರಿಯಲ್ಲಿ ಉಸುಕಿನ ರಾಶಿ ಬಿದ್ದಿತು. ಅಮೆರಿಕೆಯ ಕ್ರೀಡಾಂಗಣ ಚಳವಳಿಯ ಆರಂಭವನ್ನು ಇತಿಹಾಸಕಾರರು ಇಲ್ಲಿಂದಲೇ ಗುರುತಿಸುತ್ತಾರೆ. ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲನು 1888ರಲ್ಲಿ ಬರೆದ ಲೇಖನವೊಂದರಲ್ಲಿ, ಮನೆಯ ಅಂಗಳಕ್ಕೆ ತರಿಸಿದ ಒಂದು ಬಂಡಿ ಉಸುಕಿನಲ್ಲಿ ಹುಡುಗರು ಹೊಲ, ಮನೆ, ದಾರಿ, ನಾಣ್ಯ, ನ್ಯಾಯಗಳನ್ನುಳ್ಳ ಒಂದು ಗ್ರಾಮವನ್ನೇ ವರ್ಷಾನುಗಟ್ಟಲೆ ಕಟ್ಟಿ ಬೆಳೆಸಿದ ವೃತ್ತಾಂತವಿದೆ. ಉಸುಕಿನೊಡನೆ ಆಡುವ ಮಕ್ಕಳು ಒಬ್ಬರೊಡನೊಬ್ಬರು ಬಾಳುವುದನ್ನೂ ಕಲಿಯುತ್ತಾರೆಂಬ ಅರಿವು ಇಲ್ಲಿ ಸ್ಪಷ್ಟವಾಯಿತು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಅರಿವು ಸೂಕ್ಷ್ಮವಾದ ಅವಲೋಕನದಿಂದ ದೃಢಪಟ್ಟಿತು. ಮಾರ್ಗರೆಟ್ ಮತ್ತು ರೇಚೆಲ್ ಮ್ಯಾಕ್‌ಮಿಲನ್ ಸೋದರಿಯರು 1914ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡಿನಲ್ಲಿ ಕಾರ್ಮಿಕರ ಮಕ್ಕಳಿಗಾಗಿ ಬಯಲು ಶಿಶುವಿಹಾರವನ್ನು ತೆರೆದರು. ಕೇಂಬ್ರಿಜ್ಜಿನ ಮಾಲ್ಟಿಂಗ್ ಹೌಸ್ ಶಾಲೆಯಲ್ಲಿ 1924ರಿಂದ ಸೂಸನ್ ಐಸಾಕ್ಸ್ ಅವರು ಮಕ್ಕಳ ಮಾತುಗಳನ್ನೂ ಪ್ರಶ್ನೆಗಳನ್ನೂ ಆಡಿದಂತೆಯೇ ಬರೆದಿಟ್ಟು, ಶಿಶುವು ತನ್ನದೇ ಆದ ರೀತಿಯಲ್ಲಿ ತರ್ಕಿಸುತ್ತದೆಂಬುದನ್ನು 1930ರ ಗ್ರಂಥದಲ್ಲಿ ತೋರಿಸಿದರು. ಮಾರ್ಗರೆಟ್ ಲೋವೆನ್‌ಫೆಲ್ಡ್ ಅವರು 1928ರಲ್ಲಿ ತೆರೆದ ಚಿಕಿತ್ಸಾಲಯದಲ್ಲಿ ಉಸುಕಿನ ತಟ್ಟೆ, ನೀರು, ಸಣ್ಣ ಗೊಂಬೆಗಳನ್ನು ಮಕ್ಕಳ ಮುಂದಿರಿಸಲು, ಮಾತಿನಲ್ಲಿ ಹೇಳಲಾರದ ಭಯ ದುಃಖಗಳು ಆ ತಟ್ಟೆಯಲ್ಲಿ ಆಕಾರ ತಳೆದವು. ಜಿನೀವಾದ ಜೀನ್ ಪಿಯಾಜೆಯಂತೂ ಅಗಲವಾದ ಪಾತ್ರೆಯ ನೀರನ್ನು ಎತ್ತರದ ಕಿರಿದಾದ ಪಾತ್ರೆಗೆ ಸುರಿದಾಗ ನೀರು ಹೆಚ್ಚಾಯಿತೆಂದು ಭಾವಿಸುವ ಶಿಶುವು, ಸುಮಾರು ಏಳನೆಯ ವಯಸ್ಸಿನ ಹೊತ್ತಿಗೆ ಅದು ಅಷ್ಟೇ ಎಂಬ ನಿಶ್ಚಯಕ್ಕೆ ಬರುವುದನ್ನು ನಿರೂಪಿಸಿದನು. ನಾಲ್ಕರ ವಯಸ್ಸಿನಲ್ಲಿ ನೂರಾರು ಬಾರಿ ಸುರಿದು ನೋಡಿದ ಕೈಗಳ ಅನುಭವವು ಆ ನಿಶ್ಚಯಕ್ಕೆ ಭೂಮಿಕೆಯನ್ನು ಹದಗೊಳಿಸುತ್ತದೆಯೆಂದೇ ಶಿಶುಶಿಕ್ಷಕರು ನಂಬಿ ನಡೆದಿದ್ದಾರೆ.

ಭಾರತದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ ಭಯರಹಿತವಾದ ಶಿಶುಶಿಕ್ಷಣಕ್ಕೆ ನಾಂದಿ ಹಾಡಿದರು. 1939ರಲ್ಲಿ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸರಿಯವರ ಪದ್ಧತಿಯಲ್ಲಿ ನೀರನ್ನು ಚೆಲ್ಲದೆ ಸುರಿಯುವ ಅಭ್ಯಾಸವೂ, ಉಸುಕುಕಾಗದದ ಅಕ್ಷರಗಳನ್ನು ಬೆರಳಿನಿಂದ ತೀಡುವ ಅಭ್ಯಾಸವೂ ಇದ್ದವು. ಆದರೆ ಕೊಳ್ಳಬೇಕಾದ ಉಪಕರಣಗಳು ಗ್ರಾಮದ ಬಡವರಿಗೆ ಎಟುಕಲಾರವೆಂಬುದನ್ನು ಮನಗಂಡು, 1945ರಲ್ಲಿ ಬೋರ್ಡಿಯಲ್ಲಿಯೂ ತರುವಾಯ ಕೋಸಬಾಡದಲ್ಲಿಯೂ ಮಣ್ಣು, ಎಲೆ, ಕಲ್ಲು, ಬೀಜಗಳಿಂದಲೇ ಬಾಲವಾಡಿಯನ್ನು ನಡೆಸಿ, ಮಕ್ಕಳಿರುವ ಅಂಗಳಕ್ಕೇ ಶಾಲೆಯನ್ನು ಒಯ್ದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ಅಂದು ಧಾರವಾಡ ಜಿಲ್ಲೆಯೂ ಬೋರ್ಡಿಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ದ ಸ್ಥಳವು ಕಾವೇರಿ ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರ. ಅಂಗನವಾಡಿಯು ಅಲ್ಲಿಂದ ರಾಜ್ಯದ ಊರೂರಿಗೆ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟರವರೆಗಿನ ವಯಸ್ಸನ್ನು ಬುನಾದಿಯ ಘಟ್ಟವೆಂದು ಕರೆದು ಆಟವನ್ನೇ ಅದರ ಬೋಧನಾಕ್ರಮವಾಗಿ ಅಂಗೀಕರಿಸಿತು. 2022ರಲ್ಲಿ ಆ ಘಟ್ಟದ ಪಠ್ಯಕ್ರಮದ ಚೌಕಟ್ಟೂ ಪ್ರಕಟವಾಯಿತು.

ನೀತಿಯು ಇಷ್ಟು ದೂರ ಬಂದಿದ್ದರೂ, ನಗರದ ಶಿಶುವಿಹಾರಗಳಲ್ಲಿ ಅನೇಕವು ಅಂಗಳವಿಲ್ಲದ ಬಾಡಿಗೆ ಮಾಳಿಗೆಗಳಲ್ಲಿ ನಡೆಯುತ್ತವೆ. ನಾಲ್ಕು ವರ್ಷದ ಮಗು ಪುಸ್ತಕದ ಚುಕ್ಕೆಗಳನ್ನು ಕೂಡಿಸಿ ಅಕ್ಷರ ಬರೆದರೆ ತೃಪ್ತರಾಗುವ ಹೆತ್ತವರು, ಮೊಣಕೈವರೆಗೆ ಉಸುಕು ಮೆತ್ತಿಕೊಂಡು ಬಂದರೆ ಚಿಂತಿತರಾಗುತ್ತಾರೆ. ಆದರೆ ಪೆನ್ಸಿಲನ್ನು ಹಿಡಿಯಬಲ್ಲ ಬೆರಳುಗಳು ಸಿದ್ಧವಾಗುವುದು ಹಿಡಿ ಉಸುಕನ್ನು ಹಿಂಡಿ, ಬಟ್ಟೆಯನ್ನು ನೀರಿನಲ್ಲಿ ಅದ್ದಿ ತಿರುಚಿ, ಚಿಕ್ಕ ಬಾಯಿಯ ಶೀಸೆಗೆ ಧಾರೆ ಬೀಳಿಸಿ ಗಳಿಸಿದ ಬಲದಿಂದ. ಒಣ ಉಸುಕು ಜಾರುತ್ತದೆ. ತೋಯ್ದಾಗ ಕಣಗಳ ನಡುವಣ ತೆಳುವಾದ ನೀರಿನ ಪೊರೆಯು ಅವನ್ನು ಬಿಗಿಹಿಡಿಯುವುದರಿಂದ ಗೋಪುರ ನಿಲ್ಲುತ್ತದೆ. ನೀರು ಮಿತಿಮೀರಿದರೆ ಮತ್ತೆ ಕುಸಿಯುತ್ತದೆ. ಈ ಕಾರ್ಯಕಾರಣವನ್ನು ಕಣ್ಣಾರೆ ಕಂಡ ಮಗುವಿಗೆ, ಸಮೀಪದಲ್ಲಿ ಕುಳಿತ ಶಿಕ್ಷಕಿಯು “ಈ ಚರಿಗಿ ತುಂಬಾಕ ಎಷ್ಟು ವಾಟಗಾ ನೀರು ಬೇಕಾಗ್ತೈತಿ?” ಎಂದು ಕೇಳಿ ಸುಮ್ಮನಾದರೆ ಸಾಕು, ಗಣಿತವೂ ಭಾಷೆಯೂ ಅಲ್ಲಿಯೇ ಹುಟ್ಟುತ್ತವೆ. ಉತ್ತರವನ್ನು ತಾನೇ ಹೇಳಿಬಿಡುವ ಶಿಕ್ಷಕಿಯು ಉಸುಕನ್ನು ಮತ್ತೆ ಪಾಟಿಯನ್ನಾಗಿ ಮಾಡುತ್ತಾಳೆ.

ಗೋಕುಲ ರಸ್ತೆಯ ಸುತ್ತಮುತ್ತಲ ಅಂಗನವಾಡಿ, ಶಿಶುವಿಹಾರಗಳಿಗೆ ಇದು ಅಸಾಧ್ಯವೇನೂ ಅಲ್ಲ. ಕಟ್ಟಡಕ್ಕೆ ಈಗ ಬಳಸುವ ಎಂ-ಸ್ಯಾಂಡ್ ಕಲ್ಲನ್ನು ಒಡೆದು ಮಾಡಿದ್ದಾದುದರಿಂದ ಮೊನಚಾಗಿಯೂ ಧೂಳಾಗಿಯೂ ಇದ್ದು ಮಕ್ಕಳ ಆಟಕ್ಕೆ ಸಲ್ಲದು. ತೊಳೆದು ಸೋಸಿದ ಹೊಳೆಯ ಉಸುಕು ಒಂದೆರಡು ಚೀಲ ದೊರೆತರೆ ಅಗಲವಾದ ಬುಟ್ಟಿಯೊಂದು ತುಂಬುತ್ತದೆ. ನಾಯಿ ಬೆಕ್ಕುಗಳ ಹೊಲಸು ಬೀಳದಂತೆ ಅದನ್ನು ಪ್ರತಿದಿನವೂ ಮುಚ್ಚಬೇಕು, ಆಗಾಗ ಬಿಸಿಲಿಗೆ ಹರವಬೇಕು, ಆಟದ ತರುವಾಯ ಮಕ್ಕಳ ಕೈಗಳನ್ನು ಸಾಬೂನಿನಿಂದ ತೊಳೆಯಿಸಬೇಕು. ಮಲಪ್ರಭೆಯಿಂದಲೂ ನೀರಸಾಗರದಿಂದಲೂ ನೀರನ್ನು ತರಿಸಿಕೊಂಡು, ಹಲವು ಓಣಿಗಳಲ್ಲಿ ಅನೇಕ ದಿನಗಳಿಗೊಮ್ಮೆ ನಲ್ಲಿಯ ದಾರಿ ಕಾದು ಬಾಳಿದ ಈ ನಗರದಲ್ಲಿ, ಆಟಕ್ಕೆ ನೀರೇ ಎಂಬ ಆಕ್ಷೇಪವು ಗೌರವಕ್ಕೆ ಅರ್ಹ. ಆದರೆ ಬೇಕಾದುದು ಒಂದು ಬಕೀಟು ಮಾತ್ರ, ಆಟ ಮುಗಿದ ಮೇಲೆ ಅದು ಗಿಡದ ಬುಡಕ್ಕೆ ಸೇರಬೇಕು. ಕೆಲವೇ ಅಂಗುಲ ನೀರಿನಲ್ಲಿಯೂ ಶಿಶುವಿನ ಪ್ರಾಣಕ್ಕೆ ಅಪಾಯವುಂಟಾಗಬಹುದಾದ್ದರಿಂದ ಹಿರಿಯರೊಬ್ಬರು ಕೈಯಳತೆಯಲ್ಲಿ ಇದ್ದೇ ತೀರಬೇಕು. ಉಸುಕನ್ನು ಮುಟ್ಟಲು ಹಿಂಜರಿಯುವ ಮಗುವಿಗೆ ಚಮಚವೊಂದನ್ನು ಕೊಟ್ಟು ಕಾಯಬೇಕೇ ಹೊರತು ಕೈಹಿಡಿದು ಅದ್ದಿಸಕೂಡದು.

ಇಡೀ ಚರಿತ್ರೆಯನ್ನು ಕೂಡಿಸಿ ನೋಡಿದಾಗ, ಗುರುವಿನ ಆಜ್ಞೆಯನ್ನು ಬರೆಸಿಕೊಳ್ಳುತ್ತಿದ್ದ ಉಸುಕು ಕ್ರಮಕ್ರಮವಾಗಿ ಮಗುವಿನ ಸ್ವಂತ ವಿಚಾರಕ್ಕೆ ಎಡೆಗೊಟ್ಟ ಉಸುಕಾದುದೇ ಈ ಕ್ಷೇತ್ರದ ನಿಜವಾದ ಪ್ರಗತಿಯೆಂದು ತಿಳಿಯುತ್ತದೆ. ಘಟ್ಟದ ಮೊಗಸಾಲೆಯ ಆ ನಾಲ್ವರಲ್ಲಿದ್ದ ಪರಸ್ಪರ ವಿಶ್ವಾಸವನ್ನೂ, ಮಣ್ಣೆತ್ತು ಮಾಡುವ ಕೈಗಳ ಸ್ವಾತಂತ್ರ್ಯವನ್ನೂ ಒಂದುಗೂಡಿಸಿಕೊಳ್ಳುವ ಭಾಗ್ಯ ನಮ್ಮ ಶಿಶುವಿಹಾರಗಳಿಗೆ ಉಂಟು. ಅದಕ್ಕೆ ಬೇಕಾದ ಸಾಮಗ್ರಿಯು ಅಲ್ಪ, ಬೇಕಾದ ಶ್ರದ್ಧೆಯು ಅಧಿಕ. ಆದುದರಿಂದ ಶಾಲೆಯನ್ನು ಆರಿಸಲು ಹೊರಟ ತಂದೆತಾಯಿಗಳು, ಮಗುವಿಗೆ ಎಷ್ಟು ಅಕ್ಷರ ಬರೆಸುವಿರೆಂದು ಕೇಳುವ ಮೊದಲು, ದಿನಕ್ಕೆ ಎಷ್ಟು ಹೊತ್ತು ಉಸುಕು ನೀರಿನೊಡನೆ ಬಿಡುವಿರೆಂದು ವಿಚಾರಿಸತಕ್ಕದ್ದು; ಆ ಪ್ರಶ್ನೆಯನ್ನು ಕೇಳುವವರು ಹೆಚ್ಚಿದಂತೆ ಶಾಲೆಗಳು ಅದಕ್ಕೆ ಉತ್ತರವನ್ನು ಸಿದ್ಧಪಡಿಸದೆ ಇರಲಾರವು.