ಎಬೋಲಾ: ಫ್ರೀಜರಿನಲ್ಲಿ ಕಾದು ಕುಳಿತ ಲಸಿಕೆ

1976ರಲ್ಲಿ ಅಂದಿನ ಝೈರ್ (ಇಂದಿನ ಕಾಂಗೋ) ದೇಶದ ಯಾಂಬುಕು ಎಂಬಲ್ಲಿ ಎಬೋಲಾ ಮೊದಲು ಗುರುತಿಗೆ ಬಂದಾಗ, ಅದನ್ನು ಹರಡುವುದರಲ್ಲಿ ದೊಡ್ಡ ಪಾಲು ಅಲ್ಲಿನ ಮಿಷನ್ ಆಸ್ಪತ್ರೆಯದೇ. ದಾದಿಯರಿಗೆ ದಿನಕ್ಕೆ ಐದೇ ಸಿರಿಂಜು. ಅವನ್ನೇ ನೀರಿನಲ್ಲಿ ಜಾಲಿಸಿ ಮತ್ತೆ ಮತ್ತೆ ಚುಚ್ಚುತ್ತಿದ್ದರು. 318 ಜನರಿಗೆ ಸೋಂಕು ತಗುಲಿ 280 ಮಂದಿ ಸತ್ತರು. ಸಿಬ್ಬಂದಿಯೂ ಸತ್ತು ಆಸ್ಪತ್ರೆ ಮುಚ್ಚಿದ ಮೇಲೆ ರೋಗ ತಗ್ಗಿತು. ರೋಗಿಯನ್ನು ಪ್ರತ್ಯೇಕವಾಗಿಟ್ಟು, ಒಡನಾಡಿದವರನ್ನು ಹುಡುಕಿ ನಿಗಾ ಇಟ್ಟು, ಶವವನ್ನು ಎಚ್ಚರದಿಂದ ಮಣ್ಣು ಮಾಡಿದರೆ ಸರಪಳಿ ಕಡಿಯುತ್ತದೆ ಎಂಬುದು ಆಗಲೇ ತಿಳಿಯಿತು. 1995ರಲ್ಲಿ ಅದೇ ದೇಶದ ಕಿಕ್ವಿಟ್‌ನಲ್ಲೂ 2000ದಲ್ಲಿ ಉಗಾಂಡಾದ ಗುಲುವಿನಲ್ಲೂ ಇದೇ ಕ್ರಮ ಫಲ ಕೊಟ್ಟಿತು. ಆದರೆ ಈ ಗೆಲುವೇ ಮುಂದೆ ಉದಾಸೀನಕ್ಕೆ ನೆಪವಾಯಿತು. ಮದ್ದಿಲ್ಲದೆಯೂ ನಿಲ್ಲುವ ರೋಗಕ್ಕೆ, ಅದೂ ಬಡವರ ರೋಗಕ್ಕೆ, ಹಣ ಸುರಿಯುವವರು ಯಾರು?

ಪ್ರಯೋಗಾಲಯವೇನೂ ಹಿಂದೆ ಬಿದ್ದಿರಲಿಲ್ಲ. ಕೆನಡಾದ ವಿನಿಪೆಗ್‌ನಲ್ಲಿ ರೂಪುಗೊಂಡ ಲಸಿಕೆಯ ಒಂದೇ ಡೋಸ್ ಕೋತಿಗಳನ್ನು ಉಳಿಸಿತೆಂದು 2005ರಲ್ಲೇ ಪ್ರಕಟವಾಗಿತ್ತು. ಕಿಕ್ವಿಟ್‌ನಲ್ಲಿ ಬದುಕಿ ಉಳಿದ ಒಬ್ಬರ ರಕ್ತದಿಂದ ಪ್ರಬಲ ಪ್ರತಿಕಾಯವೂ ದೊರೆಯಿತು. ಆದರೂ ಲಸಿಕೆ ಮನುಷ್ಯರ ಮೇಲಿನ ಪರೀಕ್ಷೆಗೆ ಇಳಿದದ್ದು 2014ರಲ್ಲಿ, ಪಶ್ಚಿಮ ಆಫ್ರಿಕಾ ಹೊತ್ತಿ ಉರಿಯುತ್ತಿದ್ದಾಗ. ಅಲ್ಲಿ 28,600ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ 11,300ಕ್ಕೂ ಹೆಚ್ಚು ಮಂದಿ ಸತ್ತರು. 2015ರಲ್ಲಿ ಗಿನಿಯಲ್ಲಿ, ಸಿಡುಬಿನ ಕಾಲದ ತಂತ್ರದಂತೆ, ರೋಗಿಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ನೋಡಿದರು. ತಡಮಾಡದೆ ಲಸಿಕೆ ಪಡೆದವರಲ್ಲಿ ಹತ್ತನೆಯ ದಿನದಿಂದ ಒಂದು ಪ್ರಕರಣವೂ ಕಾಣಲಿಲ್ಲ. ತಡವಾದದ್ದು ವಿಜ್ಞಾನವಲ್ಲ, ಅದನ್ನು ರೋಗಿಯವರೆಗೆ ಮುಟ್ಟಿಸುವ ವ್ಯವಸ್ಥೆ ಎಂಬುದೇ ನನ್ನ ವಾದ.

ರೋಗವೇ ಇಲ್ಲದಾಗ ಪರೀಕ್ಷೆ ಯಾರ ಮೇಲೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸುರಕ್ಷತೆಯ ಪರೀಕ್ಷೆ, ದಾಸ್ತಾನು, ಅನುಮತಿ ಪತ್ರ ಇವಕ್ಕೆ ರೋಗಿ ಬೇಕಿಲ್ಲ. ಉಗಾಂಡಾದಲ್ಲಿ 2022ರಲ್ಲಿ ಎಬೋಲಾದ ಇನ್ನೊಂದು ತಳಿಯಾದ ಸೂಡಾನ್ ತಳಿ ಹಬ್ಬಿದಾಗ ಅದಕ್ಕೆಂದಿದ್ದ ಪ್ರಾಯೋಗಿಕ ಲಸಿಕೆ ತಲುಪುವಷ್ಟರಲ್ಲಿ ಕೊನೆಯ ರೋಗಿ ಮನೆಗೆ ಹೋಗಿಯಾಗಿತ್ತು. 2025ರಲ್ಲಿ ಅದೇ ತಳಿ ಅಲ್ಲಿ ಮತ್ತೆ ಕಾಣಿಸಿಕೊಂಡಾಗ ಡೋಸ್‌ಗಳು ದೇಶದೊಳಗೇ ಇದ್ದವು. ರೋಗ ಘೋಷಣೆಯಾದ ನಾಲ್ಕೇ ದಿನಕ್ಕೆ ಪರೀಕ್ಷೆ ಶುರುವಾಯಿತು. ಸಾಯುತ್ತಿರುವವರಿಗೆ ಚೀಟಿ ಎತ್ತಿದಂತೆ ಔಷಧ ಹಂಚುವುದು ಕ್ರೌರ್ಯವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಕಾಂಗೋದಲ್ಲಿ 2018ರ ಕೊನೆಗೆ ಆರಂಭವಾದ ಪರೀಕ್ಷೆಯೇ ಉತ್ತರ. 681 ರೋಗಿಗಳಲ್ಲಿ ನಾಲ್ಕು ಔಷಧಗಳನ್ನು ಹೋಲಿಸಿದಾಗ, ಬಹಳ ಹೊಗಳಿಸಿಕೊಂಡಿದ್ದ ಝೀಮ್ಯಾಪ್ ಪಡೆದವರಲ್ಲೂ ರೆಮ್‌ಡೆಸಿವಿರ್ ಪಡೆದವರಲ್ಲೂ ಸುಮಾರು ಅರ್ಧದಷ್ಟು ಮಂದಿ ಸತ್ತರು. ಉಳಿದೆರಡು ಪ್ರತಿಕಾಯ ಔಷಧಗಳಲ್ಲಿ ಸತ್ತವರು ಮೂರನೇ ಒಂದರಷ್ಟು. ಆ ಎರಡರಲ್ಲಿ ಒಂದು, ಕಿಕ್ವಿಟ್‌ನ ಆ ರಕ್ತದಿಂದ ಬಂದದ್ದು. ಹೋಲಿಸದೆ ಹೋಗಿದ್ದರೆ ಸಪ್ಪೆ ಮದ್ದನ್ನೇ ಹಂಚುತ್ತಿದ್ದೆವು.

ಹಾಗೆಂದು ಮದ್ದೊಂದಿದ್ದರೆ ಸಾಕೆಂದಲ್ಲ. ಲಸಿಕೆ, ಔಷಧ ಎರಡೂ ಕೈಯಲ್ಲಿದ್ದಾಗಲೇ ಪೂರ್ವ ಕಾಂಗೋದಲ್ಲಿ 2018–20ರ ನಡುವೆ 2,287 ಜನ ಸತ್ತರು. ಯುದ್ಧದಿಂದ ಬೇಸತ್ತ ಆ ಸೀಮೆಯಲ್ಲಿ ಚಿಕಿತ್ಸಾ ಕೇಂದ್ರಗಳ ಮೇಲೇ ದಾಳಿಯಾಯಿತು. ಅನೇಕರು ಅತ್ತ ಸುಳಿಯದೆ ಮನೆಯಲ್ಲೇ ಕೊನೆಯುಸಿರೆಳೆದರು. ವಿಶ್ವಾಸ ಗಳಿಸುವ ಕೆಲಸವೂ ರೋಗ ಬರುವ ಮೊದಲೇ ಆಗಬೇಕಾದದ್ದು. ಇನ್ನು, ಈಗ ಪರವಾನಗಿ ಪಡೆದಿರುವ ಲಸಿಕೆ, ಔಷಧಗಳೆಲ್ಲ ಝೈರ್ ತಳಿಗೆ ಮಾತ್ರ. ಸೂಡಾನ್ ತಳಿಗೂ 2007ರಲ್ಲಿ ಕಾಣಿಸಿಕೊಂಡ ಬುಂಡಿಬುಗ್ಯೊ ತಳಿಗೂ 2025ರ ಆ ಪರೀಕ್ಷೆಯ ಹೊತ್ತಿಗೂ ಅಂಥದ್ದೊಂದು ಇರಲಿಲ್ಲ.