ಬಲ್ಮಠ: ಓದುವ ಅಜ್ಜಿಯರ ಗುಡ್ಡ

ಮಂಗಳೂರಿನ ಹಂಪನಕಟ್ಟೆಯಿಂದ ಪೂರ್ವಕ್ಕೆ ಏರುವ ರಸ್ತೆ ಬಲ್ಮಠ ಗುಡ್ಡಕ್ಕೆ ಮುಟ್ಟುತ್ತದೆ. ಚರ್ಚು, ಶಾಲೆ, ದೇವಜ್ಞಾನ ಕಾಲೇಜು, ಮುದ್ರಣಾಲಯದ ಹಳೆಯ ಕಟ್ಟಡ ಎಲ್ಲವೂ ಇಲ್ಲಿ ಕೂಗಳತೆಯಲ್ಲಿವೆ. ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರಲ್ಲಿ ಸಮುದ್ರಮಾರ್ಗವಾಗಿ ಕರಾವಳಿಗೆ ಬಂದರು. 1840ರಲ್ಲಿ ಜಿಲ್ಲಾ ಕಲೆಕ್ಟರ್ ಬ್ಲೇರ್ ಅವರು ಬಲ್ಮಠದ ಬಂಗಲೆ, ಜಾಗಗಳನ್ನು ಮಿಷನ್ನಿಗೆ ಕೊಟ್ಟ ಮೇಲೆ ಗುಡ್ಡ ಅವರ ಕೇಂದ್ರವಾಯಿತು. ಮರುವರ್ಷವೇ ಕಲ್ಲಚ್ಚಿನ ಯಂತ್ರ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಈ ಮುದ್ರಣಾಲಯದಿಂದ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ.

ಈ ಸಂಗತಿಗಳನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಅದೇ ಅಚ್ಚಿನ ಅಕ್ಷರಗಳನ್ನು ದಿನವೂ ಓದಿದ ಮನೆಗಳ ಕಥೆ ಅಷ್ಟಾಗಿ ಬರವಣಿಗೆಗೆ ಬಂದಿಲ್ಲ. ಮೊದಲ ತಲೆಮಾರುಗಳಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಹುಪಾಲು ಬಿಲ್ಲವರು. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಹೆರ್ಮನ್ ಕೌಂಡಿನ್ಯರಾದದ್ದು ದೊಡ್ಡ ಸುದ್ದಿಯಾಯಿತು. ಹೆಸರಿಲ್ಲದ ನೂರಾರು ಕುಟುಂಬಗಳದ್ದು ಸುದ್ದಿಯಾಗಲಿಲ್ಲ. ಜಾತಿಯವರು ಹೊರಗಿಟ್ಟರೆ ಮನೆ ಹೋಗುತ್ತಿತ್ತು, ಗೇಣಿಯ ಗದ್ದೆ ಹೋಗುತ್ತಿತ್ತು. ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಇವರಿಗೆ ಅನ್ನದ ದಾರಿ ಬೇಕೆಂದೇ ಬಲ್ಮಠದಲ್ಲಿ ನೇಯ್ಗೆ ಶಾಲೆ ಎದ್ದಿತು. ಖಾಕಿ ಬಣ್ಣವನ್ನು ರೂಪಿಸಿದ ಶ್ರೇಯಸ್ಸನ್ನು ಅಲ್ಲಿನ ಜಾನ್ ಹಾಲರ್ ಅವರಿಗೆ ಕೊಡುವುದುಂಟು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಅವರು ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಂಚು ಹೊರುವ, ಜೋಡಿಸುವ ಕೆಲಸದಲ್ಲಿ ಹೆಂಗಸರೂ ಇದ್ದರು. ದಿನದ ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು.

ಕೆಲಸಕ್ಕಿಂತಲೂ ಹೆಂಗಸರ ಬದುಕನ್ನು ಬದಲಿಸಿದ್ದು ಓದು. ಪ್ರತಿಯೊಬ್ಬ ವಿಶ್ವಾಸಿಯೂ ದೇವರ ವಾಕ್ಯವನ್ನು ತಾನೇ ಓದಬೇಕೆಂಬುದು ಮಿಷನ್ನಿನ ಹಟ. ಅದಕ್ಕಾಗಿ ಹುಡುಗಿಯರಿಗೂ ಶಾಲೆ ನಡೆಯಿತು. 1901ರ ಜನಗಣತಿಯ ಪ್ರಕಾರ ಭಾರತದಲ್ಲಿ ನೂರು ಹೆಂಗಸರಲ್ಲಿ ಒಬ್ಬರಿಗೂ ಓದುಬರಹ ಬರುತ್ತಿರಲಿಲ್ಲ. ಅಂಥ ಕಾಲದಲ್ಲಿ ಬಲ್ಮಠ, ಜೆಪ್ಪು, ಮೂಲ್ಕಿಗಳ ಸಭೆಗಳಲ್ಲಿ ಬೈಬಲ್ ಓದುವ ಹುಡುಗಿಯರು ಬೆಳೆಯುತ್ತಿದ್ದರು. ಮುಂದೆ ಅಜ್ಜಿಯರಾಗಿ ಮನೆಯ ಪ್ರಾರ್ಥನೆ ನಡೆಸಿದವರು ಅವರೇ. ಬಾಸೆಲ್ ಮಿಷನ್ ಈ ಊರಿಗೆ ಕೊಟ್ಟದ್ದರಲ್ಲಿ ಹಂಚಿಗಿಂತ, ನಿಘಂಟಿಗಿಂತ ದೊಡ್ಡದು ಇದು.

ಸಂಜೆ ದೀಪ ಹಚ್ಚಿದ ಮೇಲೆ ಕುಟುಂಬ ಪ್ರಾರ್ಥನೆ. ಚಾಪೆ ಹಾಸಿ ಎಲ್ಲರೂ ಕೂರುತ್ತಿದ್ದರು. ಮೊದಲು ಒಂದು ಸಂಗೀತ; ರಾಗ ಹೆಚ್ಚಾಗಿ ಜರ್ಮನ್ ದೇಶದ್ದು, ಮಾತು ಕನ್ನಡದ್ದು. ಆಮೇಲೆ ಒಂದು ಅಧ್ಯಾಯ. ಆಳಿಗೊಂದು ವಚನದಂತೆ ಸುತ್ತು ಬರುವಾಗ ಮೊಮ್ಮಕ್ಕಳು ಒತ್ತಕ್ಷರ ನುಂಗಿದರೆ ಅಜ್ಜಿ ಅಲ್ಲೇ ತಡೆದು ತಿದ್ದುತ್ತಿದ್ದಳು. ಕನ್ನಡಕ ಬರುವ ವಯಸ್ಸಿನಲ್ಲಿ 23ನೇ ಕೀರ್ತನೆಯಂಥ ಭಾಗಗಳಿಗೆ ಅವಳಿಗೆ ಪುಸ್ತಕವೇ ಬೇಕಾಗುತ್ತಿರಲಿಲ್ಲ. ಕೊನೆಗೆ ಕರ್ತನ ಪ್ರಾರ್ಥನೆ, ಆಮೇಲೆ ಗಂಜಿ ಊಟ. ಮನೆಯ ಮಾತು ತುಳು. 1847ರಲ್ಲೇ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಆದರೂ ಆರಾಧನೆಯ ಗಂಭೀರ ಮಾತು ಬಹುಮಟ್ಟಿಗೆ ಕನ್ನಡವಾಗಿಯೇ ಉಳಿಯಿತು. ಸೊಸೆಯನ್ನು ತುಳುವಿನಲ್ಲಿ ಗದರಿದ ಅಜ್ಜಿ ದೇವರೊಡನೆ ಗ್ರಂಥದ ಕನ್ನಡದಲ್ಲಿ ಮಾತಾಡುತ್ತಿದ್ದಳು.

ಮನೆಯ ದೊಡ್ಡ ಬೈಬಲ್ಲಿನ ಖಾಲಿ ಹಾಳೆಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣಗಳ ತಾರೀಕುಗಳು ಮಸಿಯಲ್ಲಿ ಸಾಲಾಗಿ ಇರುತ್ತಿದ್ದವು. ಎಳವೆಯಲ್ಲೇ ತೀರಿಕೊಂಡ ಮಗುವಿನ ಹೆಸರೂ ಅಲ್ಲಿರುತ್ತಿತ್ತು. ಎಷ್ಟೋ ಮನೆಗಳಿಗೆ ಇದ್ದ ಲಿಖಿತ ಚರಿತ್ರೆ ಅಷ್ಟೇ.

ಭಾನುವಾರದ ಆರಾಧನೆ 1862ರಲ್ಲಿ ಪ್ರತಿಷ್ಠೆಯಾದ ದೇವಾಲಯದಲ್ಲಿ. ಇಂದು ಅದು ಶಾಂತಿ ಕಥೆಡ್ರಲ್. ವರ್ಷದ ಹಬ್ಬಗಳಲ್ಲಿ ಕ್ರಿಸ್ಮಸ್, ಈಸ್ಟರ್ ಜೊತೆಗೆ ಅಜ್ಜಿಯರಿಗೆ ಅಚ್ಚುಮೆಚ್ಚಿನದು ಬೆಳೆ ಹಬ್ಬ. ಹಿತ್ತಲ ಬಸಳೆ, ಹರಿವೆ, ಬಾಳೆಗೊನೆ, ತೆಂಗಿನಕಾಯಿ, ಕೆಲವೊಮ್ಮೆ ಕಾಲು ಕಟ್ಟಿದ ಕೋಳಿ ದೇವಾಲಯಕ್ಕೆ ಬರುತ್ತಿದ್ದವು. ಆರಾಧನೆ ಮುಗಿದ ಮೇಲೆ ಏಲಂ. ಕೈಯಲ್ಲಿ ಕಾಸಿಲ್ಲದವಳೂ ತಾನು ಬೆಳೆದದ್ದನ್ನು ದೇವರ ಮುಂದೆ ಇಡಬಹುದಾದ ದಿನ ಅದು.

1914ರ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆ ಮಾತ್ರ ಚದುರಲಿಲ್ಲ. ಊರಿನವರೇ ಆದ ಸಭಾಪಾಲಕರು ಅದನ್ನು ನಡೆಸಿದರು ಎಂದು ಚರಿತ್ರೆ ಹೇಳುತ್ತದೆ. ಅದರ ಪಕ್ಕದಲ್ಲಿ ಚಾಪೆಯ ಮೇಲಿನ ಸಂಜೆಯ ಓದನ್ನೂ ಬರೆಯಬೇಕು: ಪಾದ್ರಿ ಇರಲಿ ಇಲ್ಲದಿರಲಿ, ಅದು ನಡೆದೇ ಇತ್ತು. ಮುಂದೆ ಈ ಸಭೆಗಳು ಚರ್ಚ್ ಆಫ್ ಸೌತ್ ಇಂಡಿಯಾದೊಳಗೆ ಸೇರಿದವು.

1965ರಲ್ಲಿ ಸ್ಥಾಪನೆಯಾದ ಕರ್ನಾಟಕ ದೇವಜ್ಞಾನ ಕಾಲೇಜಿನ ಪತ್ರಾಗಾರದಲ್ಲಿ ಮಿಷನ್ನಿನ ಗ್ರಂಥಗಳು, ದಾಖಲೆಗಳು ಜೋಪಾನವಾಗಿವೆ. ಅಜ್ಜಿಯರ ಬೈಬಲ್ಲುಗಳು ಮನೆಮನೆಯ ಕಪಾಟುಗಳಲ್ಲಿವೆ. ಕೆಲವು ಮೊಮ್ಮಕ್ಕಳೊಡನೆ ಮುಂಬಯಿ, ಕೊಲ್ಲಿ ದೇಶಗಳಿಗೂ ಹೋಗಿವೆ.